ಅಮೆರಿಕದ ಕಾಂಗ್ರೆಸ್ ಅಭ್ಯರ್ಥಿಯೂ ಹೊಟ್ಟೆಪಾಡಿನ ಕೆಲಸವೂ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷಕ್ಕೊಮ್ಮೆ ಅಮೆರಿಕದ ನವೆಂಬರ್ ಚುನಾವಣೆ ಹತ್ತಿರವಾದಂತೆ, ಅಲ್ಲಿ ನೆಲೆಸಿದ ಕನ್ನಡಿಗರಿಂದಲೂ ಇಲ್ಲಿ ಕುಳಿತು ಆ ಸುದ್ದಿಯನ್ನು ಹಿಂಬಾಲಿಸುವವರಿಂದಲೂ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಯಾವುದೋ ಅಭ್ಯರ್ಥಿ ಪ್ರಚಾರದ ನಡುವೆಯೂ ಇನ್ನೊಂದು ಕೆಲಸ ಮಾಡುತ್ತಿದ್ದಾರೆ, ಅಥವಾ ಇತ್ತೀಚಿನವರೆಗೆ ಮಾಡುತ್ತಿದ್ದರು, ಎದುರಾಳಿ ಅದನ್ನೇ ಹಿಡಿದು ಜಾಹೀರಾತು ಮಾಡಿದ್ದಾರೆ. ಇದರಲ್ಲಿ ತಪ್ಪೇನು, ಸರಿಯೇನು ಎಂಬುದು ಆ ಪ್ರಶ್ನೆಗಳ ತಿರುಳು. ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ.

## ಮೊದಲ ತಿಳಿವಳಿಕೆಗೆ

ಕಾಂಗ್ರೆಸ್ ಅಭ್ಯರ್ಥಿ ಎಂದರೆ ಯಾರು? ನಮ್ಮ ಕಾಂಗ್ರೆಸ್ ಪಕ್ಷಕ್ಕೂ ಇದಕ್ಕೂ ನಂಟಿದೆಯೇ?

ಇಲ್ಲ. ಅಮೆರಿಕದ ಸಂಸತ್ತಿನ ಹೆಸರೇ ಕಾಂಗ್ರೆಸ್. ಅದರ ಕೆಳಮನೆಯಲ್ಲಿ 435 ಸದಸ್ಯರಿದ್ದು ಅವರ ಅವಧಿ 2 ವರ್ಷ. ಮೇಲ್ಮನೆಯಾದ ಸೆನೆಟ್‌ನಲ್ಲಿ 100 ಸದಸ್ಯರಿದ್ದು ಅವರ ಅವಧಿ 6 ವರ್ಷ. ಈ ಎರಡರಲ್ಲಿ ಯಾವುದಕ್ಕೆ ಸ್ಪರ್ಧಿಸಿದರೂ, ಯಾವ ಪಕ್ಷದವರಾದರೂ, ಅವರು ಕಾಂಗ್ರೆಸ್ ಅಭ್ಯರ್ಥಿಯೇ.

ಚುನಾವಣೆಗೆ ನಿಂತ ಮೇಲೂ ಕೆಲಸಕ್ಕೆ ಹೋಗುವುದೇಕೆ? ನಾಲ್ಕು ವಾರ ರಜೆ ಹಾಕಿದರೆ ಸಾಲದೇ?

ನಮ್ಮಲ್ಲಿ ಅಧಿಸೂಚನೆ ಹೊರಟ ದಿನದಿಂದ ಮತದಾನದವರೆಗಿನ ಅವಧಿ ವಾರಗಳ ಲೆಕ್ಕದ್ದು, ಟಿಕೆಟ್ ಕೊಡುವುದು ಪಕ್ಷದ ವರಿಷ್ಠರು. ಅಮೆರಿಕದಲ್ಲಿ ಪಕ್ಷದ ಟಿಕೆಟ್ಟನ್ನೂ ಮತದಾರರಿಂದಲೇ ಗೆಲ್ಲಬೇಕಾದ್ದರಿಂದ ಮೊದಲು ಪ್ರೈಮರಿ ಎಂಬ ಒಳಚುನಾವಣೆ, ಆಮೇಲೆ ನವೆಂಬರ್‌ನ ಮುಖ್ಯ ಚುನಾವಣೆ. ಹೊಸಬರು ಹೆಸರು ಮಾಡಿಕೊಳ್ಳಲು ಒಂದು ವರ್ಷಕ್ಕೂ ಮೊದಲೇ ಬೀದಿಗಿಳಿಯಬೇಕಾಗುತ್ತದೆ. ಗೆದ್ದರೂ ಸಂಸತ್ತಿನ ಸಂಬಳ ಶುರುವಾಗುವುದು ಮುಂದಿನ ಜನವರಿಯಲ್ಲಿ. ಅಷ್ಟು ದಿನ ಬಾಡಿಗೆ ಕಟ್ಟಬೇಕು, ಸಾಲದ ಕಂತು ತುಂಬಬೇಕು. ಮಿಗಿಲಾಗಿ ಅಲ್ಲಿ ಬಹಳ ಮಂದಿಗೆ ಆರೋಗ್ಯ ವಿಮೆ ಬರುವುದೇ ಉದ್ಯೋಗದಾತರ ಮೂಲಕವಾದ್ದರಿಂದ, ಕೆಲಸ ಬಿಟ್ಟ ದಿನ ಮನೆಮಂದಿಯ ಆಸ್ಪತ್ರೆಯ ಖರ್ಚಿಗೂ ಆಸರೆ ತಪ್ಪುತ್ತದೆ. 2022ರಲ್ಲಿ ಫ್ಲಾರಿಡಾದಿಂದ 25ನೇ ವಯಸ್ಸಿಗೆ ಕೆಳಮನೆಗೆ ಆಯ್ಕೆಯಾದ ಮ್ಯಾಕ್ಸ್‌ವೆಲ್ ಫ್ರಾಸ್ಟ್ ಪ್ರಚಾರದ ಅವಧಿಯಲ್ಲಿ ಊಬರ್ ಓಡಿಸಿ ದಿನ ದೂಡಿದವರು. ಗೆದ್ದ ಮೇಲೂ ಹಳೆಯ ಸಾಲದ ದಾಖಲೆಯ ಕಾರಣಕ್ಕೆ ವಾಷಿಂಗ್ಟನ್‌ನಲ್ಲಿ ಅವರಿಗೆ ಬಾಡಿಗೆ ಮನೆ ಸಿಗಲಿಲ್ಲ.

ಕೆಲಸದಲ್ಲಿದ್ದುಕೊಂಡೇ ಸ್ಪರ್ಧಿಸುವುದು ಕಾನೂನಿಗೆ ವಿರುದ್ಧವಲ್ಲವೇ?

ಖಾಸಗಿ ಕೆಲಸವಾದರೆ ಖಂಡಿತ ಅಲ್ಲ. ನಿರ್ಬಂಧವಿರುವುದು ಕೇಂದ್ರ ಸರ್ಕಾರದ ನೌಕರರಿಗೆ. 1939ರ ಹ್ಯಾಚ್ ಕಾಯ್ದೆಯ ಪ್ರಕಾರ ಅವರು ಪಕ್ಷದ ಚಿಹ್ನೆಯ ಮೇಲೆ ನಡೆಯುವ ಚುನಾವಣೆಗೆ ನಿಲ್ಲುವಂತಿಲ್ಲ, ರಾಜೀನಾಮೆ ಕೊಟ್ಟೇ ನಿಲ್ಲಬೇಕು. ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ನೌಕರರ ಮೇಲಿದ್ದ ಬಿಗಿ 2012ರ ತಿದ್ದುಪಡಿಯಿಂದ ಸಡಿಲವಾಯಿತು. ಸಂಬಳ ಪೂರ್ತಿಯಾಗಿ ಕೇಂದ್ರದ ಹಣದಿಂದಲೇ ಬರುವವರಿಗೆ ಮಾತ್ರ ಅದು ಉಳಿದಿದೆ. ಆದ್ದರಿಂದ ಶಾಲಾ ಶಿಕ್ಷಕರು, ವಕೀಲರು, ವೈದ್ಯರು, ಅಂಗಡಿ ಇಟ್ಟವರು ಎಲ್ಲರೂ ಕೆಲಸ ಮಾಡುತ್ತಲೇ ಸ್ಪರ್ಧಿಸುತ್ತಾರೆ.

ಹಾಗಿದ್ದ ಮೇಲೆ ಟೀಕೆ ಯಾಕೆ ಬರುತ್ತದೆ?

ಕಾನೂನು ಒಪ್ಪಿದ್ದನ್ನೆಲ್ಲ ಮತದಾರ ಒಪ್ಪಬೇಕೆಂದಿಲ್ಲ. ಸಂಬಳ ಕೊಡುವ ಧಣಿಗೂ ನಾಳೆ ಈ ವ್ಯಕ್ತಿ ಮಾಡಲಿರುವ ಕಾನೂನಿಗೂ ಸಂಬಂಧವಿದೆಯೇ, ಪಡೆದ ಹಣಕ್ಕೆ ತಕ್ಕ ಕೆಲಸ ನಿಜವಾಗಿ ನಡೆದಿದೆಯೇ, ವೇದಿಕೆಯ ಮೇಲಿನ ಮಾತಿಗೂ ಕಸುಬಿನಲ್ಲಿ ಮಾಡಿದ್ದಕ್ಕೂ ತಾಳೆಯಾಗುತ್ತದೆಯೇ, ಇದನ್ನೆಲ್ಲ ಮುಚ್ಚಿಡದೆ ಹೇಳಿದ್ದಾರೆಯೇ ಎಂದು ಕೇಳುವ ಹಕ್ಕು ಯಾವ ಮತದಾರನಿಗೂ ಇದೆ. ಈ ಬಗೆಯ ಟೀಕೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಕೆಲಸ ಸಣ್ಣದು, ಬಡವರದು ಎಂಬ ಕಾರಣಕ್ಕೆ ಹೀಯಾಳಿಸುವ ಇನ್ನೊಂದು ಬಗೆಯೂ ಇದೆ. ಅದು ನನಗೆ ನೋವು ತರುತ್ತದೆ, ಯಾಕೆಂದರೆ ದುಡಿದು ತಿನ್ನುವವರನ್ನು ನಾಚಿಸಿ ಕಣದಿಂದ ಹೊರಗಿಟ್ಟರೆ ಉಳಿಯುವುದು ದುಡಿಯಬೇಕಾಗಿಲ್ಲದವರು ಮಾತ್ರ.

## ಹಣದ ನಿಯಮಗಳು

ಅಭ್ಯರ್ಥಿಗೆ ಸಂಬಳ ಯಾರು ಕೊಡುತ್ತಾರೆಂದು ಸಾಮಾನ್ಯ ಮತದಾರನಿಗೆ ತಿಳಿಯುವುದು ಹೇಗೆ?

ವಾಟರ್‌ಗೇಟ್ ಹಗರಣದ ಬೆನ್ನಲ್ಲೇ 1978ರಲ್ಲಿ ಬಂದ ಸರ್ಕಾರಿ ನೀತಿ ಕಾಯ್ದೆಯ ಫಲವಾಗಿ, ಹಾಲಿ ಸದಸ್ಯರಷ್ಟೇ ಅಲ್ಲದೆ ಅಭ್ಯರ್ಥಿಗಳೂ ಹಣಕಾಸಿನ ಘೋಷಣಾ ಪತ್ರ ಸಲ್ಲಿಸಬೇಕು. ಪ್ರಚಾರಕ್ಕಾಗಿ 5,000 ಡಾಲರ್‌ಗಿಂತ ಹೆಚ್ಚು ಸಂಗ್ರಹಿಸಿದ ಅಥವಾ ಖರ್ಚು ಮಾಡಿದ ಕೂಡಲೇ ಈ ಹೊಣೆ ತಲೆಯ ಮೇಲೆ ಬರುತ್ತದೆ. ಆಮೇಲಿನ 30 ದಿನ ಅಥವಾ ಆ ವರ್ಷದ ಮೇ 15, ಯಾವುದು ತಡವೋ ಅದು ಗಡುವು. ಆದರೆ ಹೇಗಿದ್ದರೂ ಚುನಾವಣೆಗೆ 30 ದಿನ ಮೊದಲು ಪತ್ರ ಸಲ್ಲಿಕೆಯಾಗಿರಬೇಕು.

ಇಂಥ ಪತ್ರವನ್ನು ಮೊದಲ ಸಲ ತೆರೆದಾಗ ಎಲ್ಲವೂ ಪಟ್ಟಿಗಳೇ ಎಂದು ನನಗೆ ನಿರಾಸೆಯಾಗಿತ್ತು. ಓದುವ ಕ್ರಮ ತಿಳಿದ ಮೇಲೆ ಪಟ್ಟಿಗಳೇ ಮಾತನಾಡತೊಡಗಿದವು. ಕೆಳಮನೆಯ ನಮೂನೆಯಲ್ಲಿ ಒಂದು ಪಟ್ಟಿ ದುಡಿಮೆಯದು: 200 ಡಾಲರ್ ಮುಟ್ಟಿದ ಪ್ರತಿ ಮೂಲದ ಹೆಸರು, ಎದುರಿಗೆ ಮೊತ್ತ. ಸಂಗಾತಿಯ ದುಡಿಮೆಯಾದರೆ 1,000 ಡಾಲರ್ ದಾಟಿದಾಗ ಮೂಲದ ಹೆಸರಷ್ಟೇ ಸಾಕು, ಮೊತ್ತ ಬೇಡ. ಇನ್ನೊಂದು ಪಟ್ಟಿ ಹುದ್ದೆಗಳದು. ಸಂಬಳವಿಲ್ಲದ ನಿರ್ದೇಶಕ ಸ್ಥಾನವಾದರೂ ಇಲ್ಲಿ ಬರಬೇಕು. ಆಸ್ತಿಯ ಪಟ್ಟಿಯಲ್ಲಿ ನಿಖರ ಬೆಲೆ ಇರುವುದಿಲ್ಲ, 1,001ರಿಂದ 15,000, 15,001ರಿಂದ 50,000 ಎಂಬಂತೆ ಅಂತರಗಳಿರುತ್ತವೆ. ನಾನು ಮೊದಲು ತಿರುವಿ ನೋಡುವುದು ಕೊನೆಯ ಪುಟವನ್ನು. ಹಿಂದಿನ ಎರಡು ವರ್ಷಗಳಲ್ಲಿ ಅಭ್ಯರ್ಥಿಯ ಸೇವೆಗಾಗಿ 5,000 ಡಾಲರ್‌ಗಿಂತ ಹೆಚ್ಚು ಕೊಟ್ಟವರ ಹೆಸರು ಅಲ್ಲಿರುತ್ತದೆ. ವಕೀಲರ ಕಕ್ಷಿದಾರರೂ ಸಲಹೆಗಾರರ ಗಿರಾಕಿಗಳೂ ಬೆಳಕಿಗೆ ಬರುವುದು ಆ ಒಂದು ಪುಟದಿಂದ. ಕೆಳಮನೆಯ ಪತ್ರಗಳು ಅದರ ಕ್ಲರ್ಕ್ ಕಚೇರಿಯ ಜಾಲತಾಣದಲ್ಲೂ, ಸೆನೆಟ್‌ನವು ಸೆನೆಟ್‌ನ ಪ್ರತ್ಯೇಕ ತಾಣದಲ್ಲೂ ಯಾರಿಗಾದರೂ ಉಚಿತವಾಗಿ ಸಿಗುತ್ತವೆ.

ಪ್ರಚಾರದಲ್ಲಿ ಓಡಾಡುವವರಿಗೆ ಕಂಪನಿ ತಿಂಗಳು ತಿಂಗಳು ಸಂಬಳ ಕೊಡುತ್ತಿದ್ದರೆ ಅದು ಬೇರೆ ದಾರಿಯ ದೇಣಿಗೆಯೇ ಅಲ್ಲವೇ?

ಆಗಬಹುದು, ಕಾನೂನೂ ಈ ಅನುಮಾನವನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ಕಂಪನಿಗಳು ತಮ್ಮ ಖಜಾನೆಯಿಂದ ಅಭ್ಯರ್ಥಿಗೆ ನೇರವಾಗಿ ದೇಣಿಗೆ ಕೊಡುವುದನ್ನು ಅಮೆರಿಕ 1907ರಿಂದಲೇ ನಿಷೇಧಿಸಿದೆ. ಸಂಬಳದ ಹೆಸರಿನಲ್ಲಿ ಅದೇ ಹಣ ಒಳಗೆ ನುಸುಳದಿರಲೆಂದು ಫೆಡರಲ್ ಚುನಾವಣಾ ಆಯೋಗ ಮೂರು ಒರೆಗಲ್ಲುಗಳನ್ನಿಟ್ಟಿದೆ: ಆ ಉದ್ಯೋಗ ಅಭ್ಯರ್ಥಿತನಕ್ಕೆ ಸಂಬಂಧವಿಲ್ಲದ ನಿಜವಾದ ಉದ್ಯೋಗವಾಗಿರಬೇಕು, ಹಣ ಮಾಡಿದ ಕೆಲಸಕ್ಕಾಗಿಯೇ ಸಂದಿರಬೇಕು, ಅಷ್ಟೇ ಅರ್ಹತೆಯ ಇನ್ನೊಬ್ಬರು ಅಷ್ಟೇ ಹೊತ್ತು ದುಡಿದರೆ ಸಿಗುವುದಕ್ಕಿಂತ ಅದು ಹೆಚ್ಚಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಸಂಬಳ ದೇಣಿಗೆಯೆನಿಸುತ್ತದೆ, ಕೊಟ್ಟದ್ದು ಕಂಪನಿಯಾದರೆ ಅಕ್ರಮ ದೇಣಿಗೆಯೆನಿಸುತ್ತದೆ. ವಾರದಲ್ಲಿ ಐದು ದಿನ ಮತಯಾಚನೆಯಲ್ಲಿ ಕಾಣಿಸುವವರು ಪೂರ್ಣಾವಧಿಯ ಸಂಬಳ ಪಡೆಯುತ್ತಿದ್ದಾರೆಂದರೆ ಪತ್ರಕರ್ತರು ಲೆಕ್ಕ ಕೇಳುವುದು ಈ ಕಾರಣಕ್ಕೆ, ಮತ್ತು ಕೇಳಲೇಬೇಕು.

ಜನ ಕೊಟ್ಟ ದೇಣಿಗೆಯಿಂದಲೇ ಅಭ್ಯರ್ಥಿ ಸಂಬಳ ತೆಗೆದುಕೊಳ್ಳಬಹುದಂತೆ, ನಿಜವೇ?

ನಿಜ, 2002ರಿಂದ ಅದಕ್ಕೆ ಅವಕಾಶವಿದೆ. ಆದರೆ ಹಳೆಯ ನಿಯಮದಲ್ಲಿ ಸಂಬಳ ಶುರುವಾಗುತ್ತಿದ್ದದ್ದು ಪ್ರೈಮರಿಯ ನಾಮಪತ್ರದ ಗಡುವಿನಿಂದ ಈಚೆಗೆ, ಮಿತಿ ಹಿಂದಿನ ವರ್ಷದ ದುಡಿಮೆಗೆ ಕಟ್ಟುಬಿದ್ದಿತ್ತು. ಮನೆಯಲ್ಲಿ ಮಕ್ಕಳನ್ನೋ ಮುದಿ ತಂದೆತಾಯಿಯರನ್ನೋ ನೋಡಿಕೊಂಡು ಆ ವರ್ಷ ದುಡಿಯದಿದ್ದವರಿಗೆ ಏನೂ ಸಿಗುತ್ತಿರಲಿಲ್ಲ. 2020ರಲ್ಲಿ ಜಾರ್ಜಿಯಾದಿಂದ ಸ್ಪರ್ಧಿಸಿ ಸೋತ ನಬೀಲಾ ಇಸ್ಲಾಂ ಈ ಕಷ್ಟವನ್ನು ಸ್ವತಃ ಉಂಡವರಾಗಿ 2021ರಲ್ಲಿ ಆಯೋಗಕ್ಕೆ ಮನವಿ ಸಲ್ಲಿಸಿದರು. 2024ರ ಮಾರ್ಚ್ 1ರಿಂದ ಜಾರಿಯಾದ ಹೊಸ ನಿಯಮದಲ್ಲಿ ಅಭ್ಯರ್ಥಿತನದ ಘೋಷಣೆ ಸಲ್ಲಿಸಿದ ದಿನದಿಂದಲೇ ಸಂಬಳ ಪಡೆಯಬಹುದು. ಮಿತಿ ಎಂದರೆ ಕೆಳಮನೆ ಸದಸ್ಯರ ವಾರ್ಷಿಕ ಸಂಬಳ 1,74,000 ಡಾಲರ್‌ನ ಅರ್ಧ, ಅಂದರೆ 87,000, ಅಥವಾ ಅಭ್ಯರ್ಥಿ ದುಡಿದ ಇತ್ತೀಚಿನ ಐದು ವರ್ಷಗಳ ಸರಾಸರಿ, ಇವೆರಡರಲ್ಲಿ ಕಡಿಮೆಯದು. ಹೊರಗೆ ದುಡಿಯುತ್ತಿದ್ದರೆ ಆ ಮೊತ್ತವನ್ನು ಇದರಿಂದ ಕಳೆಯಬೇಕು. ಹಾಲಿ ಸದಸ್ಯರಿಗೆ ಈ ಸೌಲಭ್ಯವಿಲ್ಲ.

ಇಷ್ಟಾದರೂ ಅನೇಕರು ಇದನ್ನು ಮುಟ್ಟಲು ಹೆದರುತ್ತಾರೆ. ದೇಣಿಗೆಯನ್ನು ಮನೆಗೆ ಒಯ್ದರು ಎಂಬ ಒಂದು ಸಾಲಿನ ಜಾಹೀರಾತು ಸಾಕು, ನಿಯಮ ವಿವರಿಸುವಷ್ಟರಲ್ಲಿ ಚುನಾವಣೆ ಮುಗಿದಿರುತ್ತದೆ.

ಗೆದ್ದ ಮೇಲೂ ಆ ಕೆಲಸ ಮುಂದುವರಿಸಬಹುದೇ?

ಬಹುಮಟ್ಟಿಗೆ ಇಲ್ಲ. ಪುಸ್ತಕದ ಸಗಟು ಮಾರಾಟದಿಂದ ಹಣ ಪಡೆದ ಆರೋಪವೂ ಸೇರಿದ ನೀತಿ ವಿಚಾರಣೆಯಿಂದಾಗಿ ಸ್ಪೀಕರ್ ಜಿಮ್ ರೈಟ್ 1989ರಲ್ಲಿ ರಾಜೀನಾಮೆ ಕೊಟ್ಟ ವರ್ಷವೇ ಬಂದ ನೀತಿ ಸುಧಾರಣಾ ಕಾಯ್ದೆ, ಸದಸ್ಯರ ಹೊರ ದುಡಿಮೆಗೆ ಮಿತಿ ಹಾಕಿತು. ಉನ್ನತ ಅಧಿಕಾರಿಗಳ ಒಂದು ವೇತನ ಶ್ರೇಣಿಯ ಶೇ. 15ರಷ್ಟು ಎಂಬ ಆ ಮಿತಿ ಈಚಿನ ವರ್ಷಗಳಲ್ಲಿ ಸುಮಾರು 30,000 ಡಾಲರ್‌ನ ಆಸುಪಾಸಿನಲ್ಲಿದೆ. ಭಾಷಣಕ್ಕೆ ಗೌರವಧನ ಪಡೆಯುವಂತಿಲ್ಲ. ವಕೀಲಿಯಂಥ, ಕಕ್ಷಿದಾರನ ನಂಬಿಕೆಯ ಮೇಲೆ ನಿಂತ ವೃತ್ತಿಗಳಿಂದ ಹಣ ಪಡೆಯುವುದೂ ನಿಷಿದ್ಧ. ಬಾಡಿಗೆ, ಡಿವಿಡೆಂಡ್, ಪುಸ್ತಕದ ರಾಯಧನ ಈ ಮಿತಿಯಿಂದ ಹೊರಗಿವೆ. ಬಂಡವಾಳದ ಆದಾಯಕ್ಕೆ ತಡೆಯಿಲ್ಲದೆ ಬೆವರಿನ ಆದಾಯಕ್ಕೆ ಮಾತ್ರ ತಡೆ ಹಾಕಿದ್ದು ನನಗೆ ಇಂದಿಗೂ ಒಗ್ಗದ ಮಾತು.

ಒಕ್ಲಹೋಮದ ಸೆನೆಟರ್ ಟಾಮ್ ಕೋಬರ್ನ್ ಹೆರಿಗೆ ವೈದ್ಯರಾಗಿದ್ದರು. ಸೆನೆಟ್‌ಗೆ ಬಂದ ಮೇಲೂ ಊರಿಗೆ ಹೋದಾಗ ಹೆರಿಗೆ ಮಾಡಿಸುತ್ತಿದ್ದ ಅವರು, ಖರ್ಚಿಗೆ ಆಗುವಷ್ಟು ಮಾತ್ರ ಪಡೆಯುತ್ತೇನೆ ಎಂದರೂ ನೀತಿ ಸಮಿತಿ ಒಪ್ಪಲಿಲ್ಲ, ಆ ಜಗಳ ವರ್ಷಗಳ ಕಾಲ ನಡೆಯಿತು.

## ನಡೆದ ಪ್ರಸಂಗಗಳು

ಎಲಿಜಬೆತ್ ವಾರೆನ್ ವಿಮಾ ಕಂಪನಿಯ ಪರ ಕೆಲಸ ಮಾಡಿದ್ದರು ಎನ್ನುತ್ತಾರಲ್ಲ, ಆದದ್ದೇನು?

ಈ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಪ್ರಸಂಗವೊಂದಿದ್ದರೆ ಇದೇ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ನಿಂತ ವಾರೆನ್ ಹಾರ್ವರ್ಡ್ ಕಾನೂನು ಶಾಲೆಯ ಪ್ರಾಧ್ಯಾಪಕಿ, ದಿವಾಳಿ ಕಾನೂನಿನ ಪಂಡಿತೆ. ಸಾಲಗಾರ ಕುಟುಂಬಗಳ ಪರ ಮಾತನಾಡಿ ಹೆಸರಾದವರು. ಎದುರಾಳಿ ರಿಪಬ್ಲಿಕನ್ ಪಕ್ಷದ ಹಾಲಿ ಸೆನೆಟರ್ ಸ್ಕಾಟ್ ಬ್ರೌನ್. ಬೋಧನೆಯ ಜೊತೆಗೆ ವಾರೆನ್ ವಕೀಲಿ ಕೆಲಸವನ್ನೂ ಮಾಡುತ್ತಿದ್ದರು, ಅದರಲ್ಲಿ ಒಂದು ಟ್ರಾವೆಲರ್ಸ್ ವಿಮಾ ಕಂಪನಿಯ ಪರವಾದದ್ದು. 2008ರಿಂದ 2010ರ ನಡುವೆ ಆ ಕೆಲಸಕ್ಕೆ ಅವರು ಪಡೆದದ್ದು ಸುಮಾರು 2,12,000 ಡಾಲರ್.

ಹಿನ್ನೆಲೆ ಹೀಗಿದೆ. ಆಸ್ಬೆಸ್ಟಾಸ್ ತಯಾರಿಸುತ್ತಿದ್ದ ಜಾನ್ಸ್-ಮ್ಯಾನ್‌ವಿಲ್ ಕಂಪನಿ, ಶ್ವಾಸಕೋಶ ಹಾಳಾದ ಕಾರ್ಮಿಕರ ದಾವೆಗಳ ಭಾರದಿಂದ 1982ರಲ್ಲಿ ದಿವಾಳಿ ರಕ್ಷಣೆ ಕೋರಿತು. ಅದರ ಮುಖ್ಯ ವಿಮೆಗಾರ ಟ್ರಾವೆಲರ್ಸ್. ಪರಿಹಾರ ನಿಧಿಗೆ ಹಣ ಹಾಕಿದ ವಿಮೆಗಾರರ ಮೇಲೆ ಮುಂದೆ ದಾವೆ ಹೂಡುವಂತಿಲ್ಲ ಎಂದು ದಿವಾಳಿ ನ್ಯಾಯಾಲಯ ರಕ್ಷಣೆ ಕೊಟ್ಟಿತು. ವರ್ಷಗಳ ನಂತರ, ಆಸ್ಬೆಸ್ಟಾಸ್‌ನ ಅಪಾಯ ತಿಳಿದೂ ಮುಚ್ಚಿಟ್ಟಿತೆಂದು ಸಂತ್ರಸ್ತರು ನೇರವಾಗಿ ಟ್ರಾವೆಲರ್ಸ್ ಮೇಲೆ ಹೋದಾಗ, ಆ ಹಳೆಯ ರಕ್ಷಣೆ ಗಟ್ಟಿಯಾಗುವುದಾದರೆ ಸುಮಾರು 50 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 2009ರ ಜೂನ್‌ನಲ್ಲಿ 7-2ರ ಬಹುಮತದಿಂದ ಕಂಪನಿ ಗೆದ್ದಿತು. ವಾರೆನ್ ಅವರ ಪಾಲು ಇದ್ದದ್ದು ಈ ಹಂತದಲ್ಲಿ. ಆಮೇಲೆ, ಅವರು ಬಿಟ್ಟುಬಂದ ನಂತರ, ಮೊಕದ್ದಮೆ ಮತ್ತೆ ಕೆಳ ನ್ಯಾಯಾಲಯಗಳಿಗೆ ಹೋಗಿ ಕಂಪನಿ ಆ ಹಣವನ್ನು ಕೊಡಬೇಕಾಗಿಲ್ಲ ಎಂಬ ತೀರ್ಪು ಚುನಾವಣೆಯ ವರ್ಷದಲ್ಲೇ ಬಂದಿತು.

2012ರ ಸೆಪ್ಟೆಂಬರ್ 20ರಂದು ಬಾಸ್ಟನ್‌ನಲ್ಲಿ ನಡೆದ ಮೊದಲ ಟಿವಿ ಚರ್ಚೆಯಲ್ಲಿ ಬ್ರೌನ್ ಇದನ್ನು ನೇರವಾಗಿ ಎತ್ತಿದರು: ಬಡವರ ಪರ ಎನ್ನುವವರು ಸಂತ್ರಸ್ತರ ಎದುರು ದೊಡ್ಡ ಕಂಪನಿಯ ಪರ ನಿಂತರು ಎಂಬುದು ವಾದ. ಮುಂದೆ ಬರಲಿರುವ ಸಂತ್ರಸ್ತರಿಗೂ ಹಣ ಉಳಿಯಬೇಕಾದರೆ ನಿಧಿಯ ವ್ಯವಸ್ಥೆ ಬಾಳಬೇಕು, ತಾನು ಕಾಪಾಡಿದ್ದು ಅದನ್ನು ಎಂಬುದು ವಾರೆನ್ ಅವರ ಉತ್ತರ. ಆಸ್ಬೆಸ್ಟಾಸ್‌ನಿಂದ ಮಡಿದವರ ಮನೆಯವರು ವಾರೆನ್ ಪರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಅವರು ಹಣ ಪಡೆದು ನಟಿಸಿದವರಿರಬಹುದು ಎಂದು ನಾಲಿಗೆ ಜಾರಿದ ಬ್ರೌನ್ ಕ್ಷಮೆ ಕೇಳಬೇಕಾಯಿತು. ನವೆಂಬರ್ 6ರಂದು ಗೆದ್ದದ್ದು ವಾರೆನ್.

ನನ್ನ ಅಭಿಪ್ರಾಯ ಕೇಳುವವರಿಗೆ ಹೇಳುವುದಿಷ್ಟು: ಪ್ರಶ್ನೆ ನ್ಯಾಯವಾದದ್ದು, ಉತ್ತರಕ್ಕೂ ಹುರುಳಿತ್ತು, ಆದರೆ ಉತ್ತರ ಅರ್ಧ ನಿಮಿಷದಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಎಲ್ಲ ಕಕ್ಷಿದಾರರ ಪೂರ್ತಿ ಲೆಕ್ಕವನ್ನು ಅಂದೇ ಮುಂದಿಟ್ಟಿದ್ದರೆ ಚೆನ್ನಾಗಿತ್ತು. ಅಧ್ಯಕ್ಷ ಚುನಾವಣೆಯ ಕಣದಲ್ಲಿದ್ದಾಗ, 2019ರಲ್ಲಿ, ಮೂರು ದಶಕಗಳ ವಕೀಲಿ ಕೆಲಸದಿಂದ ಸುಮಾರು 19 ಲಕ್ಷ ಡಾಲರ್ ಬಂದಿತ್ತೆಂದು ಅವರು ವಿವರ ಕೊಟ್ಟರು. ಏಳು ವರ್ಷ ಕಳೆದರೂ ಪ್ರಶ್ನೆ ಹಿಂದೆಯೇ ಬಂದಿತ್ತು.

ಡಾ. ಆಜ್ ಅವರ ಟಿವಿ ಕಾರ್ಯಕ್ರಮ ಚುನಾವಣೆಗಾಗಿ ನಿಂತದ್ದು ಏಕೆ?

ಮೆಹ್ಮತ್ ಆಜ್ ಹೃದಯ ಶಸ್ತ್ರಚಿಕಿತ್ಸಕರು, ಮಧ್ಯಾಹ್ನದ ಆರೋಗ್ಯ ಕಾರ್ಯಕ್ರಮದಿಂದ ಮನೆಮಾತಾದವರು. 2021ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ಅಭ್ಯರ್ಥಿಯಾಗಲು ಹೊರಟ ಕೂಡಲೇ 1934ರ ಸಂಪರ್ಕ ಕಾಯ್ದೆಯ 315ನೇ ವಿಧಿ ಅಡ್ಡ ಬಂತು. ಸುದ್ದಿ ಮತ್ತು ಸುದ್ದಿ ಸಂದರ್ಶನಗಳನ್ನು ಬಿಟ್ಟು ಬೇರೆ ಕಾರ್ಯಕ್ರಮದಲ್ಲಿ ಒಬ್ಬ ಅಭ್ಯರ್ಥಿಯನ್ನು ತೋರಿಸಿದ ವಾಹಿನಿ, ಕೇಳಿದ ಎದುರಾಳಿಗಳಿಗೂ ಅಷ್ಟೇ ಅವಕಾಶ ಕೊಡಬೇಕು. ಕೆಲವು ಕೇಂದ್ರಗಳು ತಕ್ಷಣ ಅವರ ಕಾರ್ಯಕ್ರಮ ಕೈಬಿಟ್ಟವು, 2022ರ ಜನವರಿಯಲ್ಲಿ ಅದು ನಿಂತೇಹೋಯಿತು. ಟೀಕೆ ಅಲ್ಲಿಗೆ ನಿಲ್ಲಲಿಲ್ಲ. ತೂಕ ಇಳಿಸುವ ಪದಾರ್ಥಗಳನ್ನು ಪವಾಡವೆಂಬಂತೆ ಹೊಗಳಿದ್ದಕ್ಕೆ 2014ರಲ್ಲಿ ಸೆನೆಟ್ ಸಮಿತಿಯೊಂದರ ಮುಂದೆ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್ ಆಜ್ ಅವರನ್ನು ತರಾಟೆಗೆ ತೆಗೆದುಕೊಂಡಿದ್ದರು. ಆ ದೃಶ್ಯ ಪ್ರಚಾರದಲ್ಲಿ ಮರಳಿ ಬಂತು. ಜನರ ಆರೋಗ್ಯದ ಮೇಲಿನ ನಂಬಿಕೆಯನ್ನೇ ಕಸುಬು ಮಾಡಿಕೊಂಡವರಿಗೆ ಈ ಪ್ರಶ್ನೆ ಕೇಳಿದ್ದು ನೂರಕ್ಕೆ ನೂರು ಸರಿ. ಅವರು ಜಾನ್ ಫೆಟರ್‌ಮನ್ ಎದುರು ಸೋತರು.

ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದವರನ್ನು ಸಂಸತ್ತಿಗೆ ಕಳಿಸುವುದೇ ಎಂದು ಆಡಿಕೊಂಡರಲ್ಲ?

ನ್ಯೂಯಾರ್ಕ್‌ನಿಂದ ಕೆಳಮನೆಗೆ ಆಯ್ಕೆಯಾದ ಡೆಮಾಕ್ರಟಿಕ್ ಪಕ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ 2018ರ ಪ್ರೈಮರಿಗೆ ತಯಾರಾಗುತ್ತಿದ್ದಾಗ ಮ್ಯಾನ್‌ಹಟನ್‌ನ ಒಂದು ರೆಸ್ಟೋರೆಂಟಿನ ಬಾರ್‌ನಲ್ಲಿ ದುಡಿಯುತ್ತಿದ್ದರು. ಪ್ರಚಾರದ ಸಾಮಗ್ರಿ ತುಂಬಿದ ಕಾಗದದ ಚೀಲವನ್ನು ಬಾರ್‌ನ ಕಟ್ಟೆಯ ಹಿಂದೆ ಬಚ್ಚಿಟ್ಟು, ಪಾಳಿ ಮುಗಿದ ಮೇಲೆ ಅದನ್ನೆತ್ತಿಕೊಂಡು ಮನೆ ಮನೆಗೆ ಹೋಗುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಜೂನ್ 26ರಂದು ಅವರು ಸೋಲಿಸಿದ್ದು ಹತ್ತು ಅವಧಿ ಗೆದ್ದಿದ್ದ ಜೋ ಕ್ರೌಲಿಯವರನ್ನು. ಆಮೇಲೆ ಎದುರಾಳಿಗಳು 'ಬಾರ್‌ಟೆಂಡರ್' ಎಂಬ ಮಾತನ್ನೇ ಬೈಗುಳದಂತೆ ಬಳಸಿದರು. ಅವರ ನಿಲುವುಗಳನ್ನು ಎಷ್ಟು ಬೇಕಾದರೂ ಟೀಕಿಸಬಹುದು, ಆದರೆ ಆ ಬೈಗುಳ ತಗಲಿದ್ದು ರಾತ್ರಿಪಾಳಿಯಲ್ಲಿ ನಿಂತು ದುಡಿಯುವ ಲಕ್ಷಾಂತರ ಮಂದಿಗೆ.

ಧರ್ಮಾರ್ಥ ಸಂಸ್ಥೆಯ ಕೆಲಸವಾದರೆ ಆಕ್ಷೇಪವೇ ಇರುವುದಿಲ್ಲ ಅಲ್ಲವೇ?

ಇರುತ್ತದೆ. ಅಲಬಾಮದ ರಾಯ್ ಮೂರ್ 2017ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿದಾಗ, ತಾವೇ ಕಟ್ಟಿದ ಧರ್ಮಾರ್ಥ ಸಂಸ್ಥೆಯಿಂದ ನಿಯಮಿತ ಸಂಬಳ ಪಡೆಯುವುದಿಲ್ಲ ಎಂದು ಹಿಂದೆ ಹೇಳಿದ್ದವರಿಗೆ ಅರೆಕಾಲದ ಕೆಲಸಕ್ಕಾಗಿ ವರ್ಷಕ್ಕೆ 1,80,000 ಡಾಲರ್‌ನ ಏರ್ಪಾಡಾಗಿತ್ತು ಎಂದು ವಾಷಿಂಗ್ಟನ್ ಪೋಸ್ಟ್ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ಸಂಸ್ಥೆಗೆ ಕೊಡಲಾಗದೆ ಉಳಿದ ಬಾಕಿಗೆ ಅದರ ಕಟ್ಟಡವೇ ಆಧಾರವಾಗಿತ್ತು. ಮರುತಿಂಗಳು ಇದಕ್ಕಿಂತ ಬಹಳ ಘೋರವಾದ ಬೇರೆ ಆರೋಪಗಳು ಬಂದು ಸಂಬಳದ ಮಾತು ಹಿಂದೆ ಸರಿಯಿತು. ದಾನಿಗಳ ಹಣದಿಂದ ನಡೆಯುವ ಸಂಸ್ಥೆಯ ಸಂಬಳಕ್ಕೆ ಇನ್ನೂ ಹೆಚ್ಚಿನ ಲೆಕ್ಕ ಬೇಕು ಎಂಬುದು ನನ್ನ ನಂಬಿಕೆ.

## ಆಳಕ್ಕಿಳಿಯುವವರಿಗೆ

ವಕೀಲರನ್ನು ಅವರ ಕಕ್ಷಿದಾರರ ಕಾರಣಕ್ಕೆ ದೂರುವುದು ಸರಿಯೇ?

ಅಪರಾಧದ ಆರೋಪ ಹೊತ್ತವರ ಪರ ನಿಲ್ಲುವ ವಕೀಲರನ್ನು ಅಪರಾಧಿಯ ಗೆಳೆಯರೆಂದು ತೋರಿಸುವ ಜಾಹೀರಾತುಗಳು ಪ್ರತಿ ಚುನಾವಣೆಯಲ್ಲೂ ಬರುತ್ತವೆ, ಅವು ತಪ್ಪು. ಆರೋಪಿಗೆ ವಕೀಲರಿರಬೇಕೆಂಬುದು ಸಂವಿಧಾನದ ಮಾತು. ಆದರೆ ಬೇಡವೆನ್ನಲು ಸ್ವಾತಂತ್ರ್ಯವಿದ್ದೂ ದೊಡ್ಡ ಶುಲ್ಕಕ್ಕೆ ಕಂಪನಿಯ ಕೆಲಸ ಒಪ್ಪಿಕೊಂಡವರನ್ನು ಅದೇಕೆಂದು ಕೇಳಬಹುದು. ಘೋಷಣಾ ಪತ್ರದಲ್ಲೂ ಇಲ್ಲೊಂದು ಕಿಂಡಿಯಿದೆ: ಕಾನೂನಿನ ಪ್ರಕಾರ ಗೋಪ್ಯವಾಗಿರಬೇಕಾದ ಸಂಬಂಧದ ವಿವರವನ್ನು ಬರೆಯದೆ ಬಿಡಬಹುದು.

ಘೋಷಣೆಯಲ್ಲಿ ಬಿಟ್ಟದ್ದನ್ನು ಆಮೇಲೆ ಸೇರಿಸಿದರೆ ತಪ್ಪು ಮಾಡಿದಂತೆಯೇ?

ತಿದ್ದುಪಡಿಗೆ ನಿಯಮದಲ್ಲೇ ಜಾಗವಿದೆ, ಆದರೆ ಅದಕ್ಕೆ ರಾಜಕೀಯ ಬೆಲೆ ತೆರಬೇಕು. ಜಾರ್ಜಿಯಾದ ಜಾನ್ ಆಸಫ್ ಸಾಕ್ಷ್ಯಚಿತ್ರ ಕಂಪನಿ ನಡೆಸುತ್ತಿದ್ದರು. 2020ರ ಸೆನೆಟ್ ಪ್ರಚಾರದ ನಡುವೆ ತಿದ್ದಿದ ಪತ್ರದಲ್ಲಿ ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಎಂಬ ಮಾಧ್ಯಮ ಕಂಪನಿಯ ಹೆಸರು ಹೊಸದಾಗಿ ಸೇರಿತು. ಅವರ ಚಿತ್ರದ ಪ್ರಸಾರದ ಹಕ್ಕಿಗೆ ಸಂದ ಸಣ್ಣ ಮೊತ್ತವದು ಎಂದು ಪ್ರಚಾರ ತಂಡ ವಿವರಿಸಿತು. ಎದುರಾಳಿ ಡೇವಿಡ್ ಪರ್ಡ್ಯೂ ಪಾಳಯ ಅದನ್ನು ಚೀನಾದ ನಂಟೆಂದು ತಿಂಗಳುಗಟ್ಟಲೆ ಹೇಳಿತು. 2021ರ ಜನವರಿಯ ಎರಡನೇ ಸುತ್ತಿನ ಮತದಾನದಲ್ಲಿ ಆಸಫ್ ಗೆದ್ದರು. ಮೊದಲ ಪತ್ರದಲ್ಲೇ ಆ ಒಂದು ಸಾಲು ಇದ್ದಿದ್ದರೆ ಅದು ಸುದ್ದಿಯೇ ಆಗುತ್ತಿರಲಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಏಕೆ ಏಳುವುದಿಲ್ಲ?

ಏಳುತ್ತದೆ, ಬೇರೆ ಹೆಸರಿನಲ್ಲಿ. ಸಂವಿಧಾನದ 102ನೇ ವಿಧಿ ತಡೆಯುವುದು ಸರ್ಕಾರದ ಅಡಿಯ ಲಾಭದಾಯಕ ಹುದ್ದೆಯನ್ನು. ಆ ವಿವಾದದಲ್ಲೇ 2006ರಲ್ಲಿ ಸೋನಿಯಾ ಗಾಂಧಿ ಲೋಕಸಭೆಗೆ ರಾಜೀನಾಮೆ ಕೊಟ್ಟು ಮತ್ತೆ ಗೆದ್ದು ಬಂದರು. ಸರ್ಕಾರದ ಜೊತೆ ಚಾಲ್ತಿಯಲ್ಲಿರುವ ಗುತ್ತಿಗೆಯೂ ಅನರ್ಹತೆಗೆ ದಾರಿ. ಖಾಸಗಿ ದುಡಿಮೆಗೆ ಅಮೆರಿಕದಂಥ ಮಿತಿಯಿಲ್ಲ. ಶಾಸಕರು, ಸಂಸದರು ವಕೀಲಿ ಮಾಡುವುದನ್ನು ತಡೆಯಲು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ಅದೇ ವರ್ಷದ ಫೆಬ್ರವರಿಯ ಇನ್ನೊಂದು ತೀರ್ಪಿನಿಂದಾಗಿ ಅಭ್ಯರ್ಥಿಯ ಪ್ರಮಾಣಪತ್ರದಲ್ಲಿ ಆದಾಯದ ಮೂಲವನ್ನೂ ಬರೆಯಬೇಕಾಗಿದೆ. ಆದರೆ ಅಲ್ಲಿ 'ವ್ಯಾಪಾರ', 'ಕೃಷಿ' ಎಂದು ಒಂದೇ ಮಾತಿನಲ್ಲಿ ಮುಗಿಸಿದವರನ್ನು ನಮ್ಮ ಊರುಗಳಲ್ಲಿ ಯಾರೂ ಎದ್ದು ನಿಂತು ಕೇಳುವುದಿಲ್ಲ.

ಕರ್ನಾಟಕದಿಂದ ಹೋದವರು ಯಾರಾದರೂ ಅಲ್ಲಿನ ಕಾಂಗ್ರೆಸ್‌ನಲ್ಲಿದ್ದಾರೆಯೇ? ಅವರಿಗೂ ಈ ಪ್ರಶ್ನೆ ಬಂದಿತ್ತೇ?

ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದಿಂದ ಕೆಳಮನೆಗೆ ಆಯ್ಕೆಯಾದರು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಪ್ರಯೋಗಾಲಯ ಉದ್ಯಮಿಯಾದ ಅವರು, 2018ರಲ್ಲಿ ಮಿಷಿಗನ್‌ನ ಗವರ್ನರ್ (ರಾಜ್ಯದ ಚುನಾಯಿತ ಮುಖ್ಯಸ್ಥ) ಹುದ್ದೆಗೆ ಸ್ಪರ್ಧಿಸುವ ಹೊತ್ತಿಗೆ ತಮ್ಮ ಕಂಪನಿಯ ಬಹುಪಾಲನ್ನು ಮಾರಿದ್ದರು. ಆಗ ಟೀಕೆಗೆ ಗುರಿಯಾದದ್ದು ಅವರ ಹಳೆಯ ಉದ್ಯಮ: 2010ರಲ್ಲಿ ಸಾಲ ತೀರಿಸಲಾಗದೆ ಬ್ಯಾಂಕಿನ ಪಾಲಾದ ನ್ಯೂಜೆರ್ಸಿಯ ಪ್ರಯೋಗಾಲಯದೊಳಗೆ ಪರೀಕ್ಷೆಗೆಂದು ಸಾಕಿದ್ದ ನಾಯಿಗಳೂ ಕೋತಿಗಳೂ ಉಳಿದುಹೋದ ಪ್ರಸಂಗ. ಬ್ಯಾಂಕು ವಶಪಡಿಸಿಕೊಂಡ ಮೇಲೆ ಪ್ರಾಣಿಗಳ ಹೊಣೆ ತನ್ನ ಕೈಯಲ್ಲಿರಲಿಲ್ಲ ಎಂದು ಅವರು ಹೇಳುತ್ತ ಬಂದಿದ್ದಾರೆ. ಪ್ರಚಾರಕ್ಕೆ ಲಕ್ಷಗಟ್ಟಲೆ ಡಾಲರ್ ಸ್ವಂತ ಹಣ ಹಾಕಬಲ್ಲವರಾಗಿದ್ದರಿಂದ, ಸಂಬಳ ಎಲ್ಲಿಂದ ಎಂಬ ಪ್ರಶ್ನೆಯ ಜಾಗದಲ್ಲಿ ಸಂಪತ್ತಿನ ಪ್ರಶ್ನೆ ಬಂತು. ಬಾರ್‌ನ ಕಟ್ಟೆಯ ಹಿಂದೆ ಚೀಲ ಬಚ್ಚಿಟ್ಟವರಿಗೂ ಕಂಪನಿ ಮಾರಿ ಬಂದವರಿಗೂ ಘೋಷಣಾ ಪತ್ರದ ನಮೂನೆ ಒಂದೇ. ಮೊದಲನೆಯವರದು ಎರಡು ಪುಟದಲ್ಲಿ ಮುಗಿಯುತ್ತದೆ, ಎರಡನೆಯವರದನ್ನು ಓದಲು ಒಂದು ಸಂಜೆ ಬೇಕಾಗುತ್ತದೆ.